ಮುಂಬಯಿ ಕಾಲು, ಹುನಗುಂದ ಕಾಲು

ಬಾಗಲಕೋಟೆಯ ಎಲುಬಿನ ಡಾಕ್ಟರರ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಮೊಣಕಾಲು ಇತ್ತು. ಡಾಕ್ಟರು ಒಳಗೆ ಯಾರದೋ ಪಟ್ಟಿ ಬಿಚ್ಚುತ್ತಿದ್ದರು. ಸೊಸೆ ಬಾಗಿಲ ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದಳು. ಕೈಗೆ ಕೆಲಸವಿಲ್ಲದ ಮುದುಕಿಯ ಮುಂದೆ ಮಡಚುವ ವಸ್ತು ಇಡಬಾರದು. ಎತ್ತಿಕೊಂಡು ಮಡಚಿದೆ, ಬಿಡಿಸಿದೆ, ಮತ್ತೆ ಮಡಚಿದೆ. ಅರ್ಧಕ್ಕೆ ಬಂದು 'ಟಕ್' ಎಂದು ನಿಂತಿತು. ಸ್ವಲ್ಪ ಜೋರು ಮಾಡಿದೆ. ಮೇಲಿನ ಎಲುಬು ನನ್ನ ಕೈಯಲ್ಲೇ ಉಳಿಯಿತು, ಕೆಳಗಿನದು ಹೋಗಿ ಡಾಕ್ಟರರ ಚಹಾದ ಕಪ್ಪಿಗೆ ಬಡಿಯಿತು.

"ಇರ್ಲಿ ಬಿಡ್ರಿ ಅಜ್ಜಿ, ದಿನಾ ಯಾರರೆ ಮುರೀತಾರ" ಎನ್ನುತ್ತ ಡಾಕ್ಟರು ಬಂದು ಕೂತು, ಎರಡೂ ತುಂಡು ಜೋಡಿಸಿ ನನ್ನಿಂದ ದೂರ ಇಟ್ಟರು. ಆಮೇಲೆ ನನ್ನ ಎಕ್ಸ್‌ರೇ ಬೆಳಕಿಗೆ ಹಿಡಿದು ಹೇಳಿದರು: "ಎರಡ ದಾರಿ ಅದಾವ್ರಿ. ಒಂದು ಸೂಜಿ. ಮೊಣಕಾಲಿನ ಒಳಗ ಔಷಧ ಬಿಡೂದು, ಬಂಡಿ ಗಾಲಿಗೆ ಎಣ್ಣಿ ಬಿಟ್ಟಂಗ. ಕೆಲವರಿಗೆ ಆರಾಮ ಅನಸ್ತೈತಿ, ಕೆಲವರಿಗೆ ಇಲ್ಲ. ಇನ್ನೊಂದು, ಗಂಟ ಬದಲಿ ಮಾಡೂದು. ನಿಮ್ಮ ಎಲುಬ ಭಾಳ ಸವದಾವ. ನನ್ನ ಕೇಳಿದ್ರ ಬದಲಿ ಚಲೋ."

"ಬದಲಿ ಮಾಡಿದ್ದು ಪೂರಾ ಮಡಚತೈತೇನ್ರಿ?" ಎಂದೆ.

"ವಾಕಿಂಗ್ ಹೋಗ್ತೀರಿ, ಮೆಟ್ಟಲಾ ಹತ್ತತೀರಿ. ಪೂರಾ ಮಡಚಿ ಏನ ಮಾಡವ್ರದೀರಿ ಈ ವಯಸ್ಸಿನ್ಯಾಗ?" ಎಂದು ಅವರು ನಕ್ಕರು. ಅಷ್ಟರಲ್ಲಿ ಒಳಗೆ ಬಂದಿದ್ದ ಸೊಸೆಯೂ ನಕ್ಕಳು. ನಾನೂ ನಕ್ಕೆ. ವಿಚಾರ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ.

ಖರೆ ಹೇಳಬೇಕೆಂದರೆ ಆ ಪ್ರಶ್ನೆ ನನ್ನದಲ್ಲ. ಅದು ನನ್ನ ಅತ್ತೆ ಚೆನ್ನವ್ವನದು. ಅವರು ಅದನ್ನು ಇಳಕಲ್ಲಿನಲ್ಲಿ, ನಾನು ಇನ್ನೂ ನೆಟ್ಟಗೆ ನಡೆಯುತ್ತಿದ್ದ ಕಾಲದಲ್ಲಿ ಕೇಳಿದ್ದರು. ಅದನ್ನು ನಿಮಗೆ ಹೇಳೋಣವೆಂದು ಕೂತಿದ್ದೇನೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಸೊಸೆ ಹೊಸದಾಗಿ ಕಲಿಸಿದ್ದಾಳೆ. ಒಂದೇ ಬೆರಳಿನ ವ್ಯವಹಾರ. ಮೊಣಕಾಲು ಎಂದು ಶುರು ಮಾಡಿದರೆ 'ಮೊಣಕೈ ಇರಬಹುದೇ' ಎಂದು ಫೋನು ನನ್ನನ್ನೇ ಕೇಳುತ್ತದೆ. ಇರಲಿ, ಬದಲಿ ಮಾಡುವ ಮೊದಲು ಕೇಳಿಯಾದರೂ ಕೇಳುತ್ತದಲ್ಲ ಎಂದು ಸಮಾಧಾನ.

ನಾನು ಬಾದಾಮಿಯ ಹುಡುಗಿ. ಎಪ್ಪತ್ತರ ದಶಕದ ಮೊದಲಲ್ಲಿ ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಹೋದೆ. ಅತ್ತೆ ಒಮ್ಮೆಯೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. "ಏ ಬದಾಮಿ, ನೀರ ತಾ", "ಏ ಬದಾಮಿ, ಲಾಳಿ ಎಲ್ಲಿಟ್ಟೀ." ಊರ ಮಂದಿ ಇದನ್ನು ಕೇಳಿ, ದೊಡ್ಡ ಮನೆತನದವರು ಸೊಸೆಗೆ ಬಾದಾಮಿ ತಿನ್ನಿಸುತ್ತಾರೆಂದು ತಿಳಿದಿದ್ದರೆ ಅದು ಅವರ ತಪ್ಪು. ನನಗೆ ಸಿಗುತ್ತಿದ್ದದ್ದು ಜೋಳದ ರೊಟ್ಟಿ, ಪುಂಡಿಪಲ್ಯ, ಮತ್ತು ಅತ್ತೆಯ ಬೈಗುಳ. ಮೂರೂ ರುಚಿಯಾಗಿಯೇ ಇದ್ದವು.

ಅತ್ತೆ ಕುಳ್ಳಗೆ, ಗುಂಡಗೆ, ದೊಡ್ಡ ದನಿಯ ಹೆಂಗಸು. ನಾನು ಬರುವುದರೊಳಗೆ ಮಾವನವರು ತೀರಿಕೊಂಡಿದ್ದರು. ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ನಮ್ಮವರು, ಅಂದರೆ ನನ್ನ ಗಂಡ, ಇನ್ನೊಂದರಲ್ಲಿ ಅತ್ತೆ. ನಮ್ಮ ಕಡೆಯ ಹಳೆಯ ಮಗ್ಗ ನೀವು ನೋಡಿದ್ದೀರೋ ಇಲ್ಲವೋ. ನೆಲದಲ್ಲಿ ಸೊಂಟದಾಳದ ಒಂದು ಕುಣಿ. ನೇಯುವವರು ಕುಣಿಯ ಅಂಚಿನ ಮೇಲೆ ಕೂತು ಕಾಲು ಒಳಗೆ ಇಳಿಬಿಡುತ್ತಾರೆ. ಕೆಳಗೆ ಕಾಲು ತುಳಿಯುತ್ತಿರುತ್ತದೆ, ಮೇಲೆ ಕೈ ಲಾಳಿ ಎಸೆಯುತ್ತಿರುತ್ತದೆ. ನಾನು ಮೊದಲ ಸಲ ಅದರೊಳಗೆ ಇಳಿಯಲು ಹಿಂದೆಮುಂದೆ ನೋಡಿದಾಗ ಅತ್ತೆ, "ಗವಿ ಊರಾಕಿ ಕುಣಿಗೆ ಹೆದರ್ತಾಳ ನೋಡ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ್ದರು.

ಈ ಕುಣಿ ಎನ್ನುವ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವಿದೆ. ಸತ್ತವರಿಗೆ ತೋಡುವುದೂ ಕುಣಿಯೇ. ಅತ್ತೆ ಬೆಳಗ್ಗೆ ಮಗ್ಗಕ್ಕೆ ಇಳಿಯುವಾಗಲೆಲ್ಲ, "ಈ ಕುಣಿಯಿಂದ ಎದ್ದು ಆ ಕುಣಿಗೆ ಹೋಗೂದು, ಮುಗೀತು ನಮ್ಮ ಪ್ರವಾಸ" ಎನ್ನುತ್ತಿದ್ದರು. ತಮಾಷೆ ಎಂದುಕೊಂಡಿದ್ದೆವು.

ಅವರ ಮೊಣಕಾಲು ಯಾವಾಗ ನೋಯಲು ಶುರುವಾಯಿತೋ ಗೊತ್ತಿಲ್ಲ. ನೋವು ಒಂದು ದಿನ ಬಾಗಿಲು ಬಡಿದು ಬರುವುದಿಲ್ಲ. ದೂರದ ಬೀಗರ ಹಾಗೆ ಬಂದು ಮೂಲೆಯಲ್ಲಿ ಕೂತು, ಆಮೇಲೆ ಹೋಗುವುದೇ ಇಲ್ಲ. ಕೂಡುವುದು ಆಗುತ್ತಿತ್ತು, ಏಳುವುದು ಆಗುತ್ತಿರಲಿಲ್ಲ. ಕುಣಿಯಿಂದ ಮೇಲೆ ಬರುವಾಗ ಮಗ್ಗದ ಕಂಬ ಹಿಡಿದು "ಯಪ್ಪಾ, ಯವ್ವಾ, ಶಿವನಾ" ಎಂದು ಸಂಬಂಧಿಕರನ್ನೆಲ್ಲ ಕರೆದು ಏಳುತ್ತಿದ್ದರು. ಬಲಗಾಲು ಹೆಚ್ಚು, ಎಡಗಾಲು ಸ್ವಲ್ಪ ಕಡಿಮೆ. ಎಣ್ಣೆ ತಿಕ್ಕಿದ್ದಾಯಿತು, ಎಕ್ಕೆಯ ಎಲೆ ಕಟ್ಟಿದ್ದಾಯಿತು. ಯಾರೋ ಹೇಳಿದರೆಂದು ತುಳಸಿಗೇರಿಯ ಹನುಮಪ್ಪನಿಗೂ ಹೋಗಿ ಎಣ್ಣೆ ಹಾಕಿ ಬಂದೆವು. ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕಿವಿಯಲ್ಲಿ, "ಏ ಬದಾಮಿ, ನಾವ ತಪ್ಪ ದೇವರ ಕಡೆ ಹೋದ್ವಿ. ಸಮುದ್ರ ಜಿಗಿದಾಂವಗ ಮೊಣಕಾಲ ನೂವು ಹೆಂಗ ತಿಳೀಬೇಕ?" ಎಂದರು.

ಆಮೇಲೆ ಸಿಕ್ಕಿದ್ದು ಹುನಗುಂದದ ಸೂಜಿ ಡಾಕ್ಟರು. ಅವರಿಗೆ ಒಳ್ಳೆಯ ಹೆಸರೇ ಇತ್ತು, ಆದರೆ ಯಾರೂ ಅದನ್ನು ಹಿಡಿದು ಕರೆಯುತ್ತಿರಲಿಲ್ಲ. ಆಗೆಲ್ಲ ನಮ್ಮ ಮಂದಿಯ ನಂಬಿಕೆ ಏನು ಗೊತ್ತೇ? ಗುಳಿಗೆ ಕೊಟ್ಟು ಕಳಿಸುವವನು ಅರ್ಧ ಡಾಕ್ಟರು, ಸೂಜಿ ಮಾಡುವವನು ಪೂರ್ತಿ ಡಾಕ್ಟರು. ಗಾಜಿನ ಸಿರಿಂಜನ್ನು ಸ್ಟೀಲಿನ ಡಬ್ಬಿಯಲ್ಲಿ ಕುದಿಸುತ್ತಿದ್ದರು. ಸ್ಪಿರಿಟ್ಟಿನ ವಾಸನೆಗೇ ಅರ್ಧ ನೋವು ಹೋಗುತ್ತಿತ್ತು. ಆದರೆ ಈ ಡಾಕ್ಟರು ಎಲ್ಲರ ಹಾಗೆ ತೋಳಿಗೆ ಚುಚ್ಚುವವರಲ್ಲ; ಮೊಣಕಾಲನ್ನು ಒತ್ತಿ ನೋಡಿ, ಪಕ್ಕದ ಸಂದಿಯಲ್ಲಿ ಸೂಜಿ ಇಳಿಸಿ, ನೇರ ಗಂಟಿನೊಳಗೇ ಔಷಧ ಬಿಡುತ್ತಿದ್ದರು.

ಮೊದಲ ಸೂಜಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಎರಡು ದಿನ ಕಾಲಿಗೆ ವಿಶ್ರಾಂತಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ಕೊಟ್ಟರು. ಮೂರನೆಯ ದಿನ ನಾನು ಹಿಟ್ಟು ನಾದುತ್ತಿದ್ದಾಗ ಅತ್ತೆಯ ಮಗ್ಗದ ಸದ್ದು ಕೇಳಿತು. ಹೋಗಿ ನೋಡಿದರೆ ಕಂಬ ಹಿಡಿಯದೆ ಇಳಿದು ಕೂತು, ಹದಿನಾರರ ಹುಡುಗಿಯಂತೆ ಕಾಲು ಆಡಿಸುತ್ತಿದ್ದಾರೆ. "ಆ ಡಾಕ್ಟರಗ ಒಂದ ಬಂಗಾರದ ಕಡಗ ಹಾಕಬೇಕ ಬದಾಮಿ" ಎಂದರು. ಹಾಕಲಿಲ್ಲ ಬಿಡಿ. ಒಂದು ಸೇರು ಶೇಂಗಾ ಕೊಟ್ಟು ಬಂದರು.

ಸುಖ ಹಬ್ಬದಿಂದ ಹಬ್ಬಕ್ಕೆ ಗಿಡ್ಡವಾಗುತ್ತ ಬಂತು. ಮೊದಲ ಸೂಜಿ ದೀಪಾವಳಿಯಿಂದ ಯುಗಾದಿಯವರೆಗೆ ನಡೆಯಿತು. ಯುಗಾದಿಗೆ ಮಾಡಿಸಿದ್ದು ಕಾರಹುಣ್ಣಿಮೆಯವರೆಗೆ. ಕಾರಹುಣ್ಣಿಮೆಗೆ ಮಾಡಿಸಿದ್ದು ಮಣ್ಣೆತ್ತಿನ ಅಮಾವಾಸ್ಯೆ ಮುಟ್ಟುವಷ್ಟರಲ್ಲಿ ಮುಗಿದೇ ಹೋಗಿತ್ತು. ಮತ್ತೆ ಹೋದಾಗ ಡಾಕ್ಟರು ಸಿರಿಂಜಿನ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು.

"ಅವ್ವಾರ, ಇನ್ನ ಬಲಗಾಲಿಗೆ ಮಾಡೂದಿಲ್ಲ. ಈ ಔಷಧ ನೂವು ಕಡಿಮಿ ಮಾಡ್ತೈತಿ, ಎಲುಬು ಹುಟ್ಟಸೂದಿಲ್ಲ. ಮ್ಯಾಲಿಂದ ಮ್ಯಾಲ ಮಾಡಿದ್ರ ಇದ್ದದ್ದೂ ಸವೀತೈತಿ."

"ನೀವ ಮಾಡದಿದ್ರ ಬಿಡ್ರಿ. ಕುಳಗೇರಿ ಕ್ರಾಸಿನ್ಯಾಗ ಒಬ್ಬಾಂವ ಯಾರ ಬಂದ್ರೂ ಮಾಡ್ತಾನಂತ."

"ಮಾಡ್ಸಕೋರಿ. ಆದ್ರ ಆಂವ ಮೊಣಕಾಲಿಗೆ ಮಾಡ್ತಾನೋ ಕುಂಡಿಗೆ ಮಾಡ್ತಾನೋ ಒಮ್ಮಿ ಕೇಳಕೊಂಡ ಹೋಗ್ರಿ."

ಅತ್ತೆಯ ಜೊತೆ ಮಾತಿನಲ್ಲಿ ಗೆದ್ದವರು ನನ್ನ ಕಣ್ಣಮುಂದೆ ಅವರೊಬ್ಬರೇ. ಅದಕ್ಕೇ ಇರಬೇಕು, ಅತ್ತೆ ಕುಳಗೇರಿ ಕ್ರಾಸಿಗೆ ಹೋಗಲಿಲ್ಲ.

ಆ ವರ್ಷವೇ ನನ್ನ ತಮ್ಮ ಮುಂಬಯಿಯಿಂದ ಬಂದ. ಅವನು ಅಲ್ಲಿಯ ಒಂದು ದೊಡ್ಡ ದವಾಖಾನೆಯಲ್ಲಿ ಎಲುಬಿನ ಡಾಕ್ಟರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೊಣಕಾಲು ಬದಲಿ ಮಾಡುತ್ತಾರೆಂದರೆ ನಮ್ಮ ಕಡೆ ಯಾರೂ ನಂಬುತ್ತಿರಲಿಲ್ಲ. ಸರಕಾರಿ ನೌಕರರ ಬದಲಿಯಷ್ಟೇ ನಮಗೆ ಗೊತ್ತಿದ್ದ ಬದಲಿ. ತಮ್ಮ ಅತ್ತೆಯ ಕಾಲನ್ನು ತಿರುವಿ, ಒತ್ತಿ ನೋಡಿದ. ಅತ್ತೆ ಬೀಗರೆಂದು ಸೆರಗು ಸರಿಮಾಡಿಕೊಂಡು, ಅಳುವುದನ್ನು ತಡೆದು ಕೂತಿದ್ದರು.

"ಅವ್ವಾರ, ಸೀರಿಗೆ ಸೆರಗ ಹೆಂಗ ಜೋಡಸ್ತೀರಿ?" ಎಂದು ಕೇಳಿದ.

ನಮ್ಮ ಸೀರೆಯ ಗುಟ್ಟು ಅದೇ ನೋಡಿ. ಒಡಲಿನ ಎಳೆಗಳು ಬೇರೆ, ಸೆರಗಿನ ಎಳೆಗಳು ಬೇರೆ. ಎರಡನ್ನೂ ಕುಣಿಕೆಗೆ ಕುಣಿಕೆ ಹಾಕಿ ಮಗ್ಗದ ಮೇಲೇ ಕೂಡಿಸುತ್ತಾರೆ. ಅತ್ತೆ ಅದರಲ್ಲಿ ಕೈಪಳಗಿದವರು. ಉತ್ಸಾಹದಿಂದ ಬೆರಳು ಆಡಿಸಿ ತೋರಿಸಿದರು.

"ನಾವೂ ಅದನ್ನ ಮಾಡ್ತೇವ್ರಿ. ಸವೆದ ತುದಿ ಕತ್ತರಿಸಿ, ಅಲ್ಲಿ ಉಕ್ಕಿಂದು, ಪ್ಲಾಸ್ಟಿಕ್ಕಿಂದು ಹೊಸ ಗಂಟ ಕುಂಡ್ರಸೂದು. ನೂವು ಹೋಗ್ತೈತಿ."

ಅತ್ತೆಯ ಮುಖ ಅರಳಿತು. "ಹಂಗಂದ್ರ ತ್ಯಾಪಿ ಅಲ್ಲ, ಹೊಸ ಸೆರಗ! ಮಾಡಸೇ ಬಿಡೂಣ ಬೀಗರ" ಎಂದರು. ನಾವೆಲ್ಲ ನಕ್ಕೆವು. ಚಹಾ ಬಂತು. ತಮ್ಮ ಚಹಾ ಕುಡಿಯುತ್ತ, ತೀರ ಸಣ್ಣ ಮಾತೆಂಬಂತೆ ಸೇರಿಸಿದ: "ಒಂದ ಮಾತ್ರ ಐತಿ. ಆಮ್ಯಾಲ ನೆಲದ ಮ್ಯಾಲ ಕಾಲ ಮಡಚಿ ಕುಂಡ್ರಾಕ ಬರೂದಿಲ್ಲ. ಕುರ್ಚಿ ಮ್ಯಾಲ ಕುಂಡ್ರಬೇಕು."

ಅತ್ತೆ ಬಟ್ಟಲು ಕೆಳಗಿಟ್ಟರು. "ಬ್ಯಾಡ ಬಿಡ್ರಿ. ನನಗ ಇದ್ದ ಕಾಲ ಸಾಕು" ಎಂದರು. ಅಷ್ಟೇ. ಆಮೇಲೆ ಯಾರು ಎಷ್ಟು ಕೇಳಿದರೂ ಅದೊಂದೇ ಮಾತು.

ನಾವು ತಲೆಗೊಂದು ಕಾರಣ ಹುಡುಕಿದೆವು. ತಮ್ಮ, ಚಾಕುವಿನ ಹೆದರಿಕೆ ಎಂದ. ನಾನು, ದಿನಾ ಬೆಳಗ್ಗೆ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪದ್ಮಾಸನ ಹಾಕಿ ಪೂಜೆಗೆ ಕೂಡುತ್ತಾರಲ್ಲ, ಅದು ತಪ್ಪುತ್ತದೆಂಬ ಬೇಸರ ಎಂದುಕೊಂಡೆ. ನಮ್ಮವರು ಮಾತ್ರ ಗುಟ್ಟಾಗಿ, "ಸಂಡಾಸದ ಚಿಂತಿ ಇರಬೇಕು, ಹೇಳಾಕ ನಾಚ್ಕೊಂಡಾಳ" ಎಂದು ತೀರ್ಮಾನಿಸಿ ಬಡಿಗನ ಮನೆಗೆ ಹೋದರು. ತಾಯಿಯ ಮೇಲೆ ಅವರಿಗೆ ಭಾಳ ಜೀವ. ತಲೆ ಮಾತ್ರ ಯಾವಾಗಲೂ ಒಂದು ಓಣಿ ಆಚೆ ಓಡುತ್ತಿತ್ತು. ನಾಲ್ಕಾರು ದಿನದಲ್ಲಿ ಸಾಗವಾನಿ ಕುರ್ಚಿಯೊಂದು ಮನೆಗೆ ಬಂತು. ಕೈ ಇದೆ, ಬೆನ್ನಿದೆ, ಕೂಡುವ ಜಾಗದಲ್ಲಿ ಗುಂಡಗೆ ಒಂದು ತೂತೂ ಇದೆ. ಅದನ್ನು ಪಡಸಾಲೆಯ ನಡುವೆ ಇಟ್ಟು, ಮದುವೆಯ ಗಂಡು ತೋರಿಸುವವರ ಹಾಗೆ ಪಕ್ಕದಲ್ಲಿ ನಿಂತರು.

"ಯವ್ವಾ, ನೋಡು. ಇದರ ಮ್ಯಾಲ ಕುಂತ್ರ ಯಾವ ತ್ರಾಸೂ ಇಲ್ಲ."

ಅತ್ತೆ ಕುರ್ಚಿ ನೋಡಿದರು, ತೂತು ನೋಡಿದರು, ಮಗನ ಮುಖ ನೋಡಿದರು. "ಚಲೋ ಐತಿ. ನಾಳಿ ನಾ ಸತ್ತರ ಇದರ ಸಮೇತ ಕುಣಿಯೊಳಗ ಇಡ್ತೀಯೇನ?"

ನಗಬೇಕೆಂದು ಬಾಯಿ ತೆರೆದ ನಾನು ಹಾಗೇ ನಿಂತೆ. ಅತ್ತೆಯ ಕಣ್ಣಲ್ಲಿ ನೀರಿತ್ತು.

ತಿಳಿಯದವರಿಗೆ ಹೇಳುತ್ತೇನೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಮಣ್ಣೊಳಗೆ ಕೂಡಿಸುತ್ತೇವೆ. ಪೂಜೆಗೆ ಕೂತಂತೆಯೇ ಕಾಲು ಮಡಚಿ, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಚ್ಚಿ. ಬದುಕಿರುವಾಗ ಹೇಗೆ ದೇವರೆದುರು ಕೂತಿದ್ದೆವೋ ಹಾಗೆಯೇ ಅಲ್ಲಿಯೂ. ಉಕ್ಕಿನ ಮೊಣಕಾಲು ಮಡಚದಿದ್ದರೆ ತನ್ನನ್ನು ಹೇಗೆ ಕೂಡಿಸುತ್ತಾರೆ ಎಂಬುದು ಅತ್ತೆಯ ಚಿಂತೆ. ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ನನ್ನ ತಮ್ಮನ ಓದಿನಲ್ಲಿ ಸತ್ತ ಮೇಲಿನ ಮೊಣಕಾಲಿನ ಪಾಠವೇ ಇರಲಿಲ್ಲವೆಂದು ಕಾಣುತ್ತದೆ.

"ಹೊಲದಾಗ ನಿಮ್ಮ ಮಾವ ಕುಂತಾರ," ಎಂದರು ಅತ್ತೆ ನನಗೆ. "ಬಾಜೂಕ ನನ್ನ ಜಾಗಾ ಐತಿ. ಅವರ ಕುಂತಿರೂವಾಗ ನಾ ಅವರ ಕಡೆ ಕಾಲ ಚಾಚಿ ಮಲಗಲೇನ, ಬದಾಮಿ? ಬದುಕಿದ್ದಾಗ ಒಂದ ದಿನ ಹಂಗ ಮಾಡೀನೇನ?"

ನೀವು ನಕ್ಕರೆ ನಗಿರಿ. ಆದರೆ ಆ ಹೊತ್ತು ಆ ಮನೆಯಲ್ಲಿ ಯಾರೂ ನಗಲಿಲ್ಲ. ನಮ್ಮವರು ಕುರ್ಚಿಯನ್ನು ಎತ್ತಿ ಹಿತ್ತಲಿಗೆ ಒಯ್ದರು.

ಸೋಮವಾರ ಮಠದ ಅಯ್ಯನವರು ಭಿಕ್ಷೆಗೆ ಬಂದರು. ಮನೆತನದ ಗುರುಗಳು, ವಯಸ್ಸಾದವರು, ಅವರಿಗೂ ಮೊಣಕಾಲು ನೋವಿತ್ತು. ಬಂದವರೇ ಗೋಡೆ ಹಿಡಿದು ನಿಧಾನ ಕೂಡುತ್ತಿದ್ದರು. ಅತ್ತೆ ಸುತ್ತಿಬಳಸದೆ ಕೇಳಿದರು: "ಅಯ್ಯಾರ, ಕಾಲ ಮಡಚದಾಕಿನ್ನ ಕುಣಿಯಾಗ ಕುಂಡ್ರಸಾಕ ಬರ್ತೈತೇನ್ರಿ?"

"ಯಾರ ಹೋದರವಾ?" ಅಯ್ಯನವರು ಗಾಬರಿಯಾದರು.

"ಯಾರೂ ಹೋಗಿಲ್ಲ. ನಾ ಹೋಗಾಕಿ."

"ನೀ ಇನ್ನಾ ನನ್ನ ಮುಂದ ಕುಂತೀಯಲ್ಲ!"

"ಅದಕ್ಕ ಈಗ ಕೇಳಾಕತ್ತೇನ್ರಿ. ಆಮ್ಯಾಲ ಕೇಳಾಕ ಬರೂದಿಲ್ಲ."

ಅಯ್ಯನವರು ಗಡ್ಡ ನೀವಿಕೊಂಡರು. ರೂಢಿ ಪದ್ಮಾಸನದ್ದು, ಇಂಥ ಪ್ರಶ್ನೆ ತಾವು ಈವರೆಗೆ ಕೇಳಿಲ್ಲ, ವಿಚಾರ ಮಾಡಿ ಮುಂದಿನ ಸೋಮವಾರ ಹೇಳುತ್ತೇನೆ ಎಂದು ಹೋದರು. ಆ ವಾರವೆಲ್ಲ ಅತ್ತೆ ಮಗ್ಗಕ್ಕೆ ಇಳಿಯಲಿಲ್ಲ. ಬಲಗಾಲು ಬಾತು ಕುಂಬಳಕಾಯಿಯಾಗಿತ್ತು. ಸಂಡಾಸಕ್ಕೆ ಹೋಗಬೇಕಾದರೂ ನನ್ನ ಹೆಗಲ ಮೇಲೆ ಕೈಯಿಟ್ಟು, ಪ್ರತಿ ಹೆಜ್ಜೆಗೂ ಹಲ್ಲು ಕಚ್ಚುತ್ತಿದ್ದರು. ಬೈಗುಳ ನಿಂತುಹೋಗಿತ್ತು. ನನಗೆ ಹೆದರಿಕೆಯಾದದ್ದು ಅದಕ್ಕೆ. ಬೈಯದ ಅತ್ತೆ ಎಂದರೆ ಉಪ್ಪಿಲ್ಲದ ಮನೆ.

ವಾರದ ಕೊನೆಗೆ ಒಂದು ಬೆಳಗ್ಗೆ ನಾನು ನೀರು ತಂದು ಒಳಗೆ ಬಂದೆ. ಅತ್ತೆ ಹಾಸಿಗೆಯಲ್ಲಿಲ್ಲ. ಮಗ್ಗದ ಕೋಣೆಯಲ್ಲಿ ಇಣುಕಿದೆ. ಕುಣಿಯ ಅಂಚಿನಲ್ಲಿ ಕೂತಿದ್ದಾರೆ. ಕಾಲು ಕೆಳಗೆ ಇಳಿಬಿಟ್ಟಿದ್ದಾರೆ, ಬೆನ್ನು ನೆಟ್ಟಗಿದೆ, ಹಣೆಯ ತುಂಬ ವಿಭೂತಿ. ಎಡಗೈ ಎದೆಯ ಹತ್ತಿರ, ಅಂಗೈಯಲ್ಲಿ ಲಿಂಗ. ಕಣ್ಣು ಮುಚ್ಚಿದೆ. ಉಸಿರಾಡುವುದು ಕಾಣುತ್ತಿಲ್ಲ.

ಕೊಡ ಕೈಯಿಂದ ಜಾರಿತು. "ಅತ್ತೀ!" ಎಂದು ಕಿರುಚಿದೆ.

ಅತ್ತೆ ಒಂದು ಕಣ್ಣು ತೆರೆದರು. "ಸುಮ್ನಿರ ಹುಚ್ಚಿ. ಕುಂತ ನೋಡಾಕತ್ತೇನಿ."

"ಏನ ನೋಡಾಕತ್ತೀರಿ?"

"ಹಿಂಗ ಕುಂಡ್ರಸಿದ್ರ ಹೆಂಗ ಕಾಣ್ತೇನಂತ. ಆ ಕಡಿ ಹೋಗಿ ನಿಂತ ನೋಡ. ಚಲೋ ಕಾಣ್ತೇನಿಲ್ಲೋ? ಸೆರಗ ಸರಿ ಐತೇನ?"

ನಾನು ಅಳುತ್ತ ನಗುತ್ತ ಆ ಕಡೆ ಹೋಗಿ ನಿಂತು ನೋಡಿದೆ. ಏನು ಹೇಳಲಿ ನಿಮಗೆ, ಭಾಳ ಚಲೋ ಕಾಣುತ್ತಿದ್ದರು. ಜೀವನವೆಲ್ಲ ಕೂತದ್ದೇ ಹಾಗೆ. ಮಗ್ಗದ ಕುಣಿಯಲ್ಲಿ ಕೂತ ಹಾಗೆಯೇ ಆ ಕುಣಿಯಲ್ಲಿ ಕೂತರೆ ಯಾವ ಕಾಲೂ ಮಡಚಬೇಕಾಗಿರಲಿಲ್ಲ.

ಸೋಮವಾರ ಅಯ್ಯನವರು ಬಂದಾಗ ಅತ್ತೆ ಅವರನ್ನು ಮಗ್ಗದ ಕೋಣೆಗೇ ಕರೆಸಿ ಕೂತು ತೋರಿಸಿದರು. ಅಯ್ಯನವರು ಬಾಗಿಲಲ್ಲಿ ನಿಂತು ತಲೆಯಿಂದ ಕಾಲಿನವರೆಗೆ ನೋಡಿದರು. "ಲಿಂಗ ಎಲ್ಲೈತಿ?" ಎಂದರು. ಅತ್ತೆ ಅಂಗೈ ಮುಂದೆ ಚಾಚಿದರು.

"ಕೈಯಾಗೈತಿ. ಮತ್ತ ಕಾಲ ಎಲ್ಲಿದ್ರೇನವಾ? ಹೋಗಿ ಬಾ ಮುಂಬಯಿಗೆ." ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿದರು. "ಬೀಗರು ಮುಂದಿನ ಸಲ ಬಂದಾಗ ನನ್ನ ಮೊಣಕಾಲೂ ಒಂದಿಷ್ಟ ತೋರಸಬೇಕ ನೋಡು."

ಹೊರಡುವ ಮುಂಚೆ ಅತ್ತೆ ನನ್ನಿಂದ ಮಾತು ತೆಗೆದುಕೊಂಡರು. "ಗಂಡಸರಿಗೆ ಇಂಥಾದ್ದು ನೆನಪಿರೂದಿಲ್ಲ. ನೀ ನೋಡ್ಕೋ. ಕುಣಿ ತೋಡುವಾಗ 'ಕುಂಡ್ರಾಕ ಒಂದ ಮಣ್ಣಿನ ಕಟ್ಟಿ ಬಿಡ್ರಿ, ಕಾಲ ಅದರ ಕೆಳಗ ಇಳೀಲಿ' ಅಂತ ಹೇಳಬೇಕು." ಹೇಳುತ್ತೇನೆ ಎಂದೆ. ಬಾಗಲಕೋಟೆಯಿಂದ ಸೊಲ್ಲಾಪುರದ ರೈಲು, ಅಲ್ಲಿಂದ ಇನ್ನೊಂದು ರೈಲು. ದಾರಿಯುದ್ದಕ್ಕೂ ಅತ್ತೆ ಎದುರಿಗೆ ಕೂತವರಿಗೆಲ್ಲ, "ನನ್ನ ಕಾಲಿಗೆ ಸೆರಗ ಜೋಡಸಾಕ ಹೊಂಟೇನಿ" ಎಂದು ಹೇಳುತ್ತಿದ್ದರು. ಒಬ್ಬಾಕೆ ಹೆದರಿ ಬೇರೆ ಕಡೆ ಹೋಗಿ ಕೂತಳು.

ಆಪರೇಷನ್ ಆಯಿತು. ಸುಲಭವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಸ ಮೊಣಕಾಲನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬಾಗಿಸುವಾಗ ಅತ್ತೆ ಅಲ್ಲಿಯ ನರ್ಸಮ್ಮನಿಗೆ ಅಚ್ಚ ಇಳಕಲ್ಲಿನ ಬೈಗುಳ ಬೈದರು. ಆಕೆಗೆ ಕನ್ನಡ ಬರುತ್ತಿರಲಿಲ್ಲ. 'ಅಜ್ಜಿ ದೇವರ ನಾಮ ಹೇಳುತ್ತಾರೆ' ಎಂದು ತಿಳಿದು ಕೈಮುಗಿಯುತ್ತಿದ್ದಳು. ಊರಿಗೆ ಬಂದ ಮೇಲೆ ಮಗ್ಗವೇ ಅವರ ವ್ಯಾಯಾಮವಾಯಿತು. ಎಳೆ ಹಾಕದ ಬರಿ ಮಗ್ಗದಲ್ಲಿ ಕೂತು ನಿಧಾನಕ್ಕೆ ತುಳಿಯುತ್ತಿದ್ದರು. ಆರೇಳು ತಿಂಗಳಿಗೆ ಬಲಗಾಲಿನ ನೋವು ಹೋಗಿತ್ತು.

ಎಡಗಾಲನ್ನೂ ಮಾಡೋಣವೆಂದು ತಮ್ಮ ಹೇಳಿದಾಗ ಅತ್ತೆ ಒಪ್ಪಲಿಲ್ಲ. "ಒಂದ ನಿಮ್ಮದು ಇರ್ಲಿ, ಒಂದ ನಮ್ಮವ್ವ ಕೊಟ್ಟದ್ದು ಇರ್ಲಿ." ಅದಕ್ಕೆ ವರ್ಷಕ್ಕೊಮ್ಮೆ, ಯಾವಾಗಾದರೊಮ್ಮೆ ಎರಡು ಸಲ, ಹುನಗುಂದದ ಸೂಜಿ. ಹೀಗಾಗಿ ಅವರ ಮೈಗೆ ಎರಡು ಊರು ಬಂದು ಸೇರಿದವು. ಬಲದ್ದು ಮುಂಬಯಿ ಕಾಲು, ಎಡದ್ದು ಹುನಗುಂದ ಕಾಲು. "ಇವತ್ತ ಹುನಗುಂದ ಅಳಾಕತ್ತೈತಿ, ಎಣ್ಣಿ ತಾ ಬದಾಮಿ." "ಮುಂಬಯಿ ಭಾಳ ಸೊಕ್ಕಿಂದು ನೋಡು, ಬಾಗ ಅಂದ್ರ ಬಾಗೂದಿಲ್ಲ. ಆದ್ರ ಒಂದ ದಿನ ನೂವು ಅಂದಿಲ್ಲ." ಇಬ್ಬರು ಸೊಸೆಯರಿದ್ದಿದ್ದರೆ ಹೀಗೇ ಹೋಲಿಸುತ್ತಿದ್ದರೇನೋ. ನಾನೊಬ್ಬಳೇ ಆದದ್ದರಿಂದ ಕಾಲುಗಳಿಗೆ ಆ ಭಾಗ್ಯ. ಓಣಿಯ ಹೆಂಗಸರು ಸೂಜಿ ಚಲೋನೋ ಬದಲಿ ಚಲೋನೋ ಎಂದು ಕೇಳಲು ಬರುತ್ತಿದ್ದರು. ಅತ್ತೆ ಎರಡೂ ಕಾಲು ಮುಂದೆ ಚಾಚಿ, "ನೀವ ಕೇಳ್ರಿ, ಎದುರಿಗೇ ಅದಾವು" ಎನ್ನುತ್ತಿದ್ದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಪೂಜೆ ಮುಗಿಸಿ, ಗೋಡೆಗೆ ಒರಗಿ, ಒರಗಿದಂತೆಯೇ ಹೋದರು. ನೀರು ಹಾಕಿ ಸೀರೆ ಉಡಿಸಿ ಪಡಸಾಲೆಯ ಕಟ್ಟೆಯ ಮೇಲೆ ಕೂಡಿಸಿದವರು ನಾವು ಹೆಂಗಸರೇ. ಹುನಗುಂದ ಕಾಲು, ಬದುಕಿದ್ದಾಗ ಅಷ್ಟು ಗೋಳಾಡಿದ್ದು, ನನ್ನ ಕೈಯಲ್ಲಿ ಕೂಸಿನ ಕಾಲಿನ ಹಾಗೆ ಸುಮ್ಮನೆ ಮಡಚಿಕೊಂಡಿತು. ಮುಂಬಯಿ ಕಾಲು ಒಪ್ಪಲಿಲ್ಲ. ಯಾರೋ ಒತ್ತಲು ಹೋದರು. "ಮುಟ್ಟಬ್ಯಾಡ್ರಿ. ಬಿಡ್ರಿ ಅದನ್ನ ಕೆಳಗ" ಎಂದೆ. ಒಂದು ಕಾಲು ಮಡಚಿ, ಒಂದು ಕಾಲು ಇಳಿಬಿಟ್ಟು ಕೂತರು. ನಮ್ಮೂರ ಗವಿಗಳಲ್ಲಿ ಕಲ್ಲಿನ ದೇವತೆಗಳು ಆರಾಮಾಗಿ ಕೂಡುವುದು ಹಾಗೆಯೇ. ಚಿಕ್ಕಂದಿನಿಂದ ನೋಡಿದ್ದೆ. ಯಾರದೋ ಅತ್ತೆ ಹೀಗೆ ಕೂತಾಳು ಎಂದು ಅಂದುಕೊಂಡಿರಲಿಲ್ಲ.

ಹೊಲಕ್ಕೆ ನಾನೂ ಹೋದೆ. ತೋಡುವವರನ್ನು ಕೇಳಿದೆ, "ಕಟ್ಟಿ ಬಿಟ್ಟೀರೇನಪಾ?"

"ಬಿಟ್ಟೇವ್ರಿ ಅಕ್ಕಾರ, ಮಗ್ಗದ ಕುಣಿ ಇದ್ದಂಗ" ಎಂದರು.

ಮಾವನವರ ಪಕ್ಕದಲ್ಲಿ ಕೂಡಿಸಿದರು. ಯಾರ ಕಡೆಗೂ ಕಾಲು ಚಾಚಿರಲಿಲ್ಲ. ಮಣ್ಣು ಹಾಕುವ ಮುಂಚೆ ನಾನು ಬಗ್ಗಿ ಸೆರಗು ಸರಿ ಮಾಡಿದೆ.

ಇಷ್ಟು ಒತ್ತುವುದರೊಳಗೆ ನನ್ನ ಬೆರಳೂ ಮೊಣಕಾಲಿನ ಗತಿಗೆ ಬಂದಿದೆ. ಆದರೆ ಒಂದು ತಿಳಿಯಿತು. ಡಾಕ್ಟರರಿಗೆ ಉತ್ತರ ಹೇಳದೆ ಇಷ್ಟು ದಿನ ಹಬ್ಬ ಬಂತು, ಬಿಸಿಲು ಜೋರು ಎಂದು ನೆವ ಹೇಳುತ್ತ ಬಂದಿದ್ದೆನಲ್ಲ, ಅದು ಯಾಕೆ ಎಂದು. ಅತ್ತೆಗೆ ಮಾತು ಕೊಡಲು ಒಬ್ಬಳು ಬಾದಾಮಿಯಾಕೆ ಇದ್ದಳು. ನಾನು ಇನ್ನೂ ಯಾರನ್ನೂ ಕೇಳಿರಲಿಲ್ಲ.

ಇವತ್ತು ಬೆಳಗ್ಗೆ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತೆ.

"ಏನವಾ, ನಾಳಿ ನನ್ನ ಕಾಲ ಮಡಚಲಿಲ್ಲಂದ್ರ ನನ್ನ ಹೆಂಗ ಕುಂಡ್ರಸ್ತೀ?"

ಅವಳು ತಲೆಯೆತ್ತಲಿಲ್ಲ. "ಸೋಫಾದ ಮ್ಯಾಲ ಕುಂಡ್ರಸ್ತೇನ್ರಿ. ಬಲಗೈಯಾಗ ಚಹಾ ಕೊಡ್ತೇನಿ, ಎಡಗೈಯಾಗ ಟಿವಿ ರಿಮೋಟ್. ಮತ್ತೇನ ಬೇಕ ನಿಮಗ?"

ಎಡಗೈಯಲ್ಲಿ ರಿಮೋಟು! ನಾನು ಬಾಗಿಲ ಚೌಕಟ್ಟು ಹಿಡಿದು ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ನಾನು ಸತ್ತ ಮೇಲಿನ ಮಾತು ಕೇಳಿದ್ದೆ. ಅವಳು ದವಾಖಾನೆಯಿಂದ ಬಂದ ಮೇಲಿನ ಮಾತು ಹೇಳುತ್ತಿದ್ದಳು. ಅಷ್ಟು ನಗುವಂಥದ್ದು ಏನಾಯಿತೆಂದು ಅವಳಿಗೆ ತಿಳಿಯಲಿಲ್ಲ. ಹಿಟ್ಟಿನ ಕೈಯಲ್ಲೇ ಬಂದು ನನ್ನ ಮೊಣಕೈ ಹಿಡಿದುಕೊಂಡಳು. "ಬೀಳ್ತೀರಿ, ಕುಂಡ್ರ ಬರ್ರಿ" ಎಂದು ಕರೆದೊಯ್ದು ಕೂಡಿಸಿದಳು.

"ಡಾಕ್ಟರಿಗೆ ಫೋನ್ ಹಚ್ಚು" ಎಂದೆ.

"ಏನಂತ ಹೇಳ್ಲಿ? ಸೂಜಿ ಅಂತನೋ, ಬದಲಿ ಅಂತನೋ?"

"ಬದಲಿ. ನೀ ಕುಂಡ್ರಸ್ತೀಯಂದ್ರ ಬದಲಿ."

ಅವಳು ಒಳಗೆ ಓಡಿದಳು. ಹಂಚಿನ ಮೇಲಿನ ರೊಟ್ಟಿ ಒಂದು ಬದಿ ಕರ್ರಗೆ ಸೀದಿತ್ತು. ಅದನ್ನು ನನ್ನ ತಟ್ಟೆಗೇ ಹಾಕಿ ತಂದಳು.